ಮಗಳಿಗೊಂದು ಪತ್ರ: ಟೇಬಲ್ ಬಿಡು, ಜೋಡಿ ಎಣಿಸು

ಕೋಲಾರ

ಪ್ರೀತಿಯ ಅಮ್ಮಣ್ಣಿ,

ಅಣುಗಳ ಆಕಾರದ ಟೇಬಲ್ ಇಡೀ ಬಾಯಿಪಾಠ ಮಾಡುತ್ತಿದ್ದೇನೆ ಅಂದೆಯಲ್ಲ, ಅದು ಬೇಡ. ಪರೀಕ್ಷೆ ಮುಗಿದ ಮಾರನೇ ದಿನ ಮರೆತುಹೋಗುತ್ತದೆ.

ಅದರ ಹಿಂದೆ ಇರುವುದು ಒಂದೇ ವಿಷಯ. ನಡುವಿನ ಪರಮಾಣುವಿನ ಹೊರಕವಚದಲ್ಲಿರುವ ಎಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ತಳ್ಳುತ್ತವೆ, ಆದಷ್ಟೂ ದೂರ ಸರಿದು ನಿಲ್ಲುತ್ತವೆ. 1940ರಲ್ಲಿ ರಸಾಯನ ವಿಜ್ಞಾನಿಗಳಾದ ಸಿಜ್‌ವಿಕ್ ಮತ್ತು ಪೊವೆಲ್ ಇದರ ಎಳೆ ಹಿಡಿದರು, 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ಬೆಳೆಸಿದರು. ನಿಮ್ಮ ಕ್ಲಾಸಿನಲ್ಲಿ ವೆಸ್ಪರ್ (VSEPR) ಅನ್ನುವುದು ಇದನ್ನೇ.

ಎರಡು ಜೋಡಿ ಇದ್ದರೆ ಎದುರುಬದುರು, 180 ಡಿಗ್ರಿ. ಮೂರಿದ್ದರೆ 120. ಎಡವುವುದು ನಾಲ್ಕರಲ್ಲಿ. ಮೀಥೇನನ್ನು ನೋಟ್ಸಿನಲ್ಲಿ ಪ್ಲಸ್ ಗುರುತಿನ ಹಾಗೆ ಬರೆಯುತ್ತೀರಿ, ನೋಡಿದರೆ 90 ಡಿಗ್ರಿ ಅನ್ನಿಸುತ್ತದೆ. ಹಾಳೆ ಚಪ್ಪಟೆ, ಅಣು ಹಾಗಲ್ಲ. ಹಾಸ್ಟೆಲ್ ಅಡುಗೆಮನೆಯಲ್ಲಿ ಒಂದು ಟೊಮೇಟೊ ಕೇಳಿ ತಗೋ (ತುಮಕೂರಿಗೂ ನಮ್ಮ ಕೋಲಾರದ್ದೇ ಬಂದಿರಬಹುದು), ನಾಲ್ಕು ಪೊರಕೆ ಕಡ್ಡಿ ಚುಚ್ಚು, ಯಾವ ಎರಡು ಕಡ್ಡಿಯೂ ಹತ್ತಿರ ಬರಬಾರದು ಅಷ್ಟೇ. ಮೂರು ಕಾಲಾಗಿ ನಿಲ್ಲುತ್ತವೆ, ಒಂದು ಮೇಲಕ್ಕೆ. ಅದೇ 109.5 ಡಿಗ್ರಿ.

ಈಗ ನೀರಿಗೆ ಬಾ. ಆಕ್ಸಿಜನ್ ಸುತ್ತಲೂ ನಾಲ್ಕೇ ಜೋಡಿ, ಆದರೆ ಬಾಂಡ್ ಮಾಡಿರುವುದು ಎರಡು. ಉಳಿದೆರಡು ಲೋನ್ ಪೇರ್. ಆಕಾರಕ್ಕೆ ಹೆಸರಿಡುವಾಗ ಅವನ್ನು ಬಿಟ್ಟುಬಿಡುತ್ತೇವೆ, ಆದರೆ ಅಣುವನ್ನು ಬಗ್ಗಿಸುವುದು ಅವೇ. ಬಾಂಡ್ ಪೇರನ್ನು ಎರಡು ನ್ಯೂಕ್ಲಿಯಸ್‌ಗಳು ಎಳೆದಿಟ್ಟಿರುತ್ತವೆ, ಲೋನ್ ಪೇರನ್ನು ಒಂದೇ. ಹಾಗಾಗಿ ಅದು ಅಗಲವಾಗಿ ಹರಡಿ ಜಾಸ್ತಿ ಜಾಗ ಹಿಡಿಯುತ್ತದೆ, ಪಕ್ಕದವನ್ನು ಒತ್ತುತ್ತದೆ. ಒಂದು ಲೋನ್ ಪೇರ್ ಇರುವ ಅಮೋನಿಯಾದಲ್ಲಿ ಕೋನ ಸುಮಾರು 107ಕ್ಕೆ ಇಳಿಯುತ್ತದೆ, ಎರಡಿರುವ ನೀರಿನಲ್ಲಿ 104.5ಕ್ಕೆ.

ಇದು ಬರೀ ಮಾರ್ಕ್ಸ್ ವಿಷಯ ಅಲ್ಲ ಕಣಮ್ಮ. ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ನೀರಿನ ಅಣುವೂ ಬಾಗಿದೆ, ಹಾಗಾಗಿ ಅದರ ಆಕ್ಸಿಜನ್ ಕಡೆ ಸ್ವಲ್ಪ ಋಣ ವಿದ್ಯುದಾವೇಶ, ಹೈಡ್ರೋಜನ್ ಕಡೆ ಸ್ವಲ್ಪ ಧನ. ಕಾರ್ಬನ್ ಡೈಆಕ್ಸೈಡ್ ತರಹ ನೆಟ್ಟಗಿದ್ದಿದ್ದರೆ ಎರಡು ಕಡೆಯ ಎಳೆತವೂ ಸರಿಸಮ ಆಗಿ, ಉಪ್ಪು ಈಗಿನ ಹಾಗೆ ಕರಗುತ್ತಿರಲಿಲ್ಲ. ನಮ್ಮ ಕಡೆಯ ಬೋರ್‌ವೆಲ್ ನೀರು ಬಂಡೆ ಸಂದಿಯಿಂದ ಫ್ಲೋರೈಡ್ ಕರಗಿಸಿಕೊಂಡು ಬರುವುದರಲ್ಲೂ, ನಾವು ಕ್ಯಾನ್ ಹಿಡಿದು ಫಿಲ್ಟರ್ ನೀರಿಗೆ ಹೋಗುವುದರಲ್ಲೂ ಈ ಬಾಗಿನ ಪಾಲಿದೆ. ಯೋಚಿಸಿದರೆ ನನಗೆ ಮೈ ಜುಂ ಅನ್ನುತ್ತದೆ.

ಒಂದು ಎಚ್ಚರ. ಡಬಲ್ ಬಾಂಡ್ ಬಂದರೆ ಅದನ್ನು ಒಂದೇ ಗುಂಪು ಅಂತ ಎಣಿಸು. ಟ್ರಾನ್ಸಿಷನ್ ಲೋಹಗಳಿಗೆ (ಕಬ್ಬಿಣ, ತಾಮ್ರದಂಥವು) ಈ ಲೆಕ್ಕ ಎಷ್ಟೋ ಸಲ ಹೊಂದುವುದಿಲ್ಲ, ಅಲ್ಲಿ ಸುಮ್ನೆ ಹಟ ಮಾಡಬೇಡ.

ಜೀನಾನ್ ಟೆಟ್ರಾಫ್ಲೋರೈಡ್ ನೀನೇ ಮಾಡು. ಒಟ್ಟು ಆರು ಜೋಡಿ, ಎರಡು ಲೋನ್ ಪೇರ್. ಅವೆರಡೂ ಎದುರುಬದುರು ನಿಂತರೆ ನಾಲ್ಕು ಫ್ಲೋರಿನ್‌ಗಳಿಗೆ ಯಾವ ಆಕಾರ ಉಳಿಯುತ್ತದೆ? ಟೇಬಲ್ ನೋಡದೆ ಬರೆದು ಫೋಟೋ ಕಳಿಸು.

ನಿನ್ನ
ಅಪ್ಪ