ಫೈಂಡರನ್ನೇ ಗೈಡ್ ಸ್ಕೋಪ್ ಮಾಡುವ ಮುನ್ನ

ಮಾನ್ಯರೇ,

ಖಗೋಳ ಛಾಯಾಗ್ರಹಣಕ್ಕೆ ಫೈಂಡರ್ ಸ್ಕೋಪನ್ನೇ (ಗುರಿ ಹುಡುಕಲು ಮುಖ್ಯ ದೂರದರ್ಶಕದ ಮೇಲೆ ಕೂರಿಸುವ ಪುಟ್ಟ ದೂರದರ್ಶಕ) ಗೈಡ್ ಸ್ಕೋಪ್ ಆಗಿ (ಒಂದು ನಕ್ಷತ್ರವನ್ನು ಗಮನಿಸುತ್ತ ಮುಖ್ಯ ದೂರದರ್ಶಕ ಗುರಿ ತಪ್ಪದಂತೆ ತಿದ್ದಲು ನೆರವಾಗುವ ದೂರದರ್ಶಕ) ಬಳಸಿದರೆ ತೂಕ, ಖರ್ಚು ಎರಡೂ ಉಳಿಯುತ್ತವೆ. ಆದರೆ ಎಲ್ಲ ಫೈಂಡರ್‌ಗಳೂ ಇದಕ್ಕೆ ಒಗ್ಗುವುದಿಲ್ಲ. ಐಪೀಸ್ ಕಳಚಿ, ಅಲ್ಲಿ 1.25 ಇಂಚಿನ ಕ್ಯಾಮೆರಾ ಕೂರಬೇಕು. ಫೋಕಸ್ ಸಿಗಬೇಕು, ಸಿಕ್ಕಿದ್ದು ಲಾಕ್ ಆಗಬೇಕು.

50 ಮಿ.ಮೀ. ಮಸೂರ, 200 ಮಿ.ಮೀ. ಸಂಗಮದೂರ ಬಹುತೇಕರಿಗೆ ಸಾಕು. ಕ್ಯಾಮೆರಾದ ಒಂದು ಪಿಕ್ಸೆಲ್ ಆಕಾಶದ ಎಷ್ಟು ಭಾಗ ನೋಡುತ್ತದೆಂದು ತಿಳಿಯಲು, ಮೈಕ್ರಾನ್‌ನಲ್ಲಿರುವ ಪಿಕ್ಸೆಲ್ ಗಾತ್ರವನ್ನು 206ರಿಂದ ಗುಣಿಸಿ, ಮಿ.ಮೀ. ಸಂಗಮದೂರದಿಂದ ಭಾಗಿಸಿ. 3.75 ಮೈಕ್ರಾನ್ ಇದ್ದರೆ ಪಿಕ್ಸೆಲ್‌ಗೆ ಸುಮಾರು 3.9 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ). ಮುಖ್ಯ ದೂರದರ್ಶಕದ್ದು 1.3 ಆದರೆ ಅನುಪಾತ 3. ಗೈಡಿಂಗ್ ತಂತ್ರಾಂಶವು ನಕ್ಷತ್ರದ ಕೇಂದ್ರವನ್ನು ಪಿಕ್ಸೆಲ್‌ಗಿಂತ ಸೂಕ್ಷ್ಮವಾಗಿ ಗುರುತಿಸುವುದರಿಂದ ಇಷ್ಟು ಧಾರಾಳವಾಗಿ ನಡೆಯುತ್ತದೆ. ಅನುಪಾತ 5 ದಾಟಿದರೆ ನಾನು ಒಪ್ಪುವುದಿಲ್ಲ.

ಕೆಲಸ ಕೆಡಿಸುವುದು ಹೆಚ್ಚಾಗಿ ಫೈಂಡರನ್ನು ದೂರದರ್ಶಕಕ್ಕೆ ಕೂರಿಸುವ ಹಿಡಿಕೆ. ಎರಡು ತಿರುಪು, ಒಂದು ಸ್ಪ್ರಿಂಗ್, ಒಂದು ರಬ್ಬರ್ ಉಂಗುರ ಇರುವ ಹಿಡಿಕೆ ಕಣ್ಣಿಟ್ಟು ನೋಡುವುದಕ್ಕೆ ಸರಿ. ಕ್ಯಾಮೆರಾ ಭಾರ ಬಿದ್ದಾಗ, ದೂರದರ್ಶಕ ತಿರುಗಿದಂತೆ ಸ್ಪ್ರಿಂಗ್ ಕೂದಲೆಳೆಯಷ್ಟು ಜಗ್ಗುತ್ತದೆ. ಫೈಂಡರ್ ಗಮನಿಸುವ ನಕ್ಷತ್ರ ಎಷ್ಟು ಸರಿಯಿತೆಂದು ತೋರಿಸುವ ಗೈಡಿಂಗ್ ಗ್ರಾಫ್ ಸಪಾಟಾಗಿಯೇ ಇರುತ್ತದೆ, 5 ನಿಮಿಷದ ಚಿತ್ರದಲ್ಲಿ ಮಾತ್ರ ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಎಳೆದುಕೊಂಡಿರುತ್ತವೆ. ತಲಾ ಮೂರು ತಿರುಪಿನ ಎರಡು ಲೋಹದ ಉಂಗುರಗಳನ್ನು ಆದಷ್ಟು ದೂರ ದೂರ ಹಾಕಿ ಬಿಗಿಯಿರಿ. ಕೇಬಲ್ ನೇತಾಡದಂತೆ ಕೊಳವೆಗೇ ಕಟ್ಟಿ. ಚಿತ್ರ ಕೆಡಲು ಅದರ ಜಗ್ಗಾಟವೂ ಸಾಕು.

ಮುಖ್ಯ ಕನ್ನಡಿಯೇ ಸರಿದು ಫೋಕಸ್ ಮಾಡುವ ಶ್ಮಿಟ್-ಕ್ಯಾಸಿಗ್ರೇನ್ ಮಾದರಿಯ ದೂರದರ್ಶಕ ಇರುವವರು ಈ ಫೈಂಡರ್‌ಗೆ ಹಣ ಹಾಕಬೇಡಿ. ಆ ಕನ್ನಡಿಯ ಅಲುಗಾಟ ಫೈಂಡರ್‌ಗೆ ಕಾಣುವುದೇ ಇಲ್ಲ. ಅವರಿಗೆ ಬೇಕಿರುವುದು ಮುಖ್ಯ ದೂರದರ್ಶಕದ ಬೆಳಕಿನಲ್ಲೇ ಒಂದಿಷ್ಟನ್ನು ಗೈಡ್ ಕ್ಯಾಮೆರಾಕ್ಕೆ ತಿರುಗಿಸುವ ಆಫ್-ಆಕ್ಸಿಸ್ ಗೈಡರ್.

– ಒಬ್ಬ ಹವ್ಯಾಸಿ ಖಗೋಳ ಛಾಯಾಗ್ರಾಹಕ