ಬೈತಖೋಲದ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ಅಂಕೋಲೆಯಿಂದ ಮಾವನ ಆಶೀರ್ವಾದಗಳು.

ಬರುವ ಜೂನ್ 1ಕ್ಕೆ ಬೋಟು ದಡ ಸೇರುವ ದಿನದಿಂದ ಕುಡಿಯುವುದಿಲ್ಲವೆಂದು ನೀನು ದೇವರ ಮುಂದೆ ಆಣೆ ಮಾಡಿದ್ದನ್ನು ನಿನ್ನ ಆಯಿ ಫೋನಿನಲ್ಲಿ ಅಳುತ್ತ ಹೇಳಿದಳು. ಸಂತೋಷವಾಯಿತು. ಹೆದರಿಕೆಯೂ ಆಯಿತು. ಏಕೆಂದರೆ ನಾನೂ ಹೀಗೆಯೇ ಆಣೆ ಮಾಡಿ ಕುಡಿತವನ್ನು ಒಮ್ಮೆಲೇ ನಿಲ್ಲಿಸಿದವನು. ಮರುದಿನ ಬೆಳಿಗ್ಗೆ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ನಡುಕ ನಿಲ್ಲಲಿಲ್ಲ, ಅರ್ಧ ಚಹಾ ಅಂಗಿಯ ಮೇಲೆ ಚೆಲ್ಲಿತು. ಆ ರಾತ್ರಿ ಫಿಟ್ಸ್ ಬಂದು ಅಂಗಳದಲ್ಲಿ ಬಿದ್ದೆ. ನಿನ್ನ ಅತ್ತೆ ನೆರೆಯವರನ್ನು ಕೂಗಿ ಕರೆದು ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದೆ.

ದಿನವೂ ಕುಡಿದು ಒಗ್ಗಿದ ಮೈಗೆ ಮದ್ಯ ಒಮ್ಮೆಲೇ ತಪ್ಪಿದರೆ ಮೊದಲೆರಡು ದಿನಗಳಲ್ಲೇ ಫಿಟ್ಸ್ ಬರಬಹುದು. ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ, ಬಡಬಡಿಸುತ್ತಾರೆ, ಪ್ರಾಣಕ್ಕೇ ಅಪಾಯ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಆ ಬಾಗಿಲ ಮುಂದೆ ಗುರುತಿನವರು ಕಂಡರೂ ನಾಚಬೇಡ. ದಿನಕ್ಕೆಷ್ಟು ಕುಡಿಯುತ್ತೀ ಎಂದು ಕೇಳಿದರೆ ಕಡಿಮೆ ಮಾಡಿ ಹೇಳಬೇಡ, ಆ ಲೆಕ್ಕ ನೋಡಿಯೇ ಅವರು ಮಾತ್ರೆ ಕೊಡುವುದು. ಬಿ1 ಜೀವಸತ್ವವನ್ನೂ ಕೊಟ್ಟಾರು, ಅದರ ಕೊರತೆಯಿಂದ ಮಿದುಳು ಕೆಡುತ್ತದೆ. ಕುಡಿತ ಬಿಡಿಸುವ ಮಾತ್ರೆಯನ್ನು ಯಾರೋ ಹೇಳಿದರೆಂದು ಗುಟ್ಟಾಗಿ ಸಾರಿನಲ್ಲಿ ಬೆರೆಸಬಾರದೆಂದು ನಿನ್ನ ಆಯಿಗೂ ಹೇಳಿದ್ದೇನೆ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಜೀವಕ್ಕೆ ಎರವಾಗಬಹುದು.

ಆಮೇಲಿನದು ಸಂಜೆಯ ಮಾತು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜುಲೈ 31ರವರೆಗೆ ಕಡಲಿಗೆ ಇಳಿಯುವಂತಿಲ್ಲ, ಹೊರಗೆ ಮಳೆ, ಕೈಗೆ ಕೆಲಸವಿಲ್ಲ. ಮಾಜಾಳಿ ದಾಟಿದರೆ ಗೋವಾ, ಅಗ್ಗದ ಬಾಟಲಿ, ಕರೆಯಲು ಗೆಳೆಯರ ಬೈಕು. ನನಗೂ ಸಂಜೆ ಆರರಿಂದ ಎಂಟರ ಹೊತ್ತೇ ಕಷ್ಟವಾಗಿತ್ತು. ನಿನ್ನ ಅತ್ತೆ ಆರಕ್ಕೇ ಕುಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ ಬಡಿಸುತ್ತಿದ್ದಳು. ಹೊಟ್ಟೆ ತುಂಬಿದ ಮೇಲೆ ಹರಿದ ಬಲೆ ಹಿಡಿದು ಕೂರುತ್ತಿದ್ದೆ. ಆಸೆ ಕೆರಳಿದರೂ ಅರ್ಧ ಗಂಟೆ ತಡೆದರೆ ಇಳಿಯುತ್ತಿತ್ತು. ಆಗಸ್ಟಿನಲ್ಲಿ ಮೊದಲ ಪಾಲಿನ ಹಣ ಬಂದ ದಿನ ಅದನ್ನು ನೇರ ಆಯಿಯ ಕೈಗೆ ಕೊಡು.

ನಡುವೆ ಒಂದು ದಿನ ಜಾರಿದರೆ, ಆಣೆ ಹೇಗೂ ಮುರಿಯಿತು ಎಂದು ಮತ್ತೆ ಕುಡಿಯುತ್ತ ಕೂರಬೇಡ. ನಾನು ಎರಡು ಸಲ ಜಾರಿದ್ದೇನೆ. ಎಷ್ಟು ಹೊತ್ತಾಗಿದ್ದರೂ ನನಗೆ ಫೋನ್ ಮಾಡು. ನಾನು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡು, ದುಡ್ಡು ಬೀಳುವುದಿಲ್ಲ, ರಾತ್ರಿಯೂ ಎತ್ತುತ್ತಾರೆ.

ಭಾನುವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋಗೋಣ. ಅಲ್ಲಿಯವರೆಗೆ ನೀನಾಗಿಯೇ ಒಮ್ಮೆಲೇ ನಿಲ್ಲಿಸಬೇಡ.

ನಿನ್ನ ಮಾವ