ಹಾರಿದ ಗಂಟೆಗಷ್ಟೇ ಹಣ ಪಡೆಯಲಿ

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶದ ಹೊತ್ತಿಗೆ ನಿಮ್ಮ ಶಿಕ್ಷಣ ಪುರವಣಿಯಲ್ಲಿ ಬಂದ, ಪೈಲಟ್ ವೃತ್ತಿಯ ಕುರಿತ ಲೇಖನವನ್ನು ಎರಡು ಸಲ ಓದಿದೆ. ಸಂಬಳದ ಅಂಕಿ ದಪ್ಪಕ್ಷರದಲ್ಲಿತ್ತು. ಖರ್ಚಿನ ವಿಷಯಕ್ಕೆ ಬಂದಾಗ ‘ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ’ ಎಂಬ ಒಂದೇ ಸಾಲು. ಆ ಸಾಲಿನೊಳಗೆ ನಮ್ಮ ಒಂದೂವರೆ ಎಕರೆ ಅಡಿಕೆ ತೋಟ ಸೇರಿಹೋಗಿದೆ. ಅದಕ್ಕೇ ಈ ಪತ್ರ.

ನನ್ನ ಮಗಳ ಬಳಿ ವಾಣಿಜ್ಯ ಪೈಲಟ್ ಪರವಾನಗಿ, ಅಂದರೆ ಸಿಪಿಎಲ್, ಇದೆ. ಅದಕ್ಕೆ ಕೇಂದ್ರದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ಕೇಳುವುದು 200 ಗಂಟೆಗಳ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ತಾನೇ ಹೊತ್ತು ಹಾರಿಸಿರಬೇಕು. ನ್ಯಾವಿಗೇಷನ್, ಹವಾಮಾನ, ವಾಯುಯಾನ ನಿಯಮಗಳ ಲಿಖಿತ ಪರೀಕ್ಷೆಗಳು, ರೇಡಿಯೊ ಪರೀಕ್ಷೆ ಎಲ್ಲ ಬೇರೆ. ಓದಿನಲ್ಲಿ ಅವಳಿಗೆ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಹಾರಾಟದಲ್ಲಿ, ಅದೂ ಅವಳಿಂದಲ್ಲ.

ಹೊರರಾಜ್ಯದ ಒಂದು ತರಬೇತಿ ಸಂಸ್ಥೆ ಹದಿನೆಂಟು ತಿಂಗಳಲ್ಲಿ ಮುಗಿಸಿಕೊಡುತ್ತೇವೆ ಎಂದಿತ್ತು. ಶುಲ್ಕ 46 ಲಕ್ಷ ರೂಪಾಯಿ, ನಾಲ್ಕು ಕಂತು. ನಾಲ್ಕನೆಯ ಕಂತು ಕಟ್ಟಿದ ದಿನ ಅವಳ ಲಾಗ್‌ಬುಕ್‌ನಲ್ಲಿ ಇದ್ದದ್ದು 38 ಗಂಟೆ! ಕರಪತ್ರದಲ್ಲಿ ಐದು ವಿಮಾನಗಳ ಚಿತ್ರವಿತ್ತು; ನಾವು ಹೋಗಿ ನೋಡಿದಾಗ ಎರಡು ಹಾರುತ್ತಿದ್ದವು, ಉಳಿದವು ಬಿಡಿಭಾಗಕ್ಕೆ ಕಾಯುತ್ತಾ ಹ್ಯಾಂಗರ್‌ನಲ್ಲಿ ನಿಂತಿದ್ದವು. ಬೋಧಕರಲ್ಲಿ ಇಬ್ಬರು ವಿಮಾನ ಕಂಪನಿಗಳಲ್ಲಿ ಕೆಲಸ ಸಿಕ್ಕಿ ಹೊರಟುಹೋದರು (ಅವರನ್ನು ದೂರಲಾರೆ, ಅವರೂ ಸಾಲ ತೀರಿಸಬೇಕಲ್ಲ). ಮಳೆಗಾಲದಲ್ಲಿ ಮೋಡ ತಗ್ಗಿದರೆ ಹಾರಾಟ ಇಲ್ಲ, ಚಳಿಗಾಲದಲ್ಲಿ ಮಂಜು ಕರಗುವವರೆಗೆ ಇಲ್ಲ. ಮಳೆ, ಮಂಜಿಗೆ ಮುನಿಸಿಕೊಳ್ಳಲು ಮಲೆನಾಡಿನವರಾದ ನಮಗೆ ಬಾಯಿಲ್ಲ. ಆದರೆ ಹಾಸ್ಟೆಲ್ ಬಿಲ್ ಮಾತ್ರ ಯಾವ ಮಂಜಿಗೂ ನಿಲ್ಲಲಿಲ್ಲ. ಹದಿನೆಂಟು ತಿಂಗಳು ಮೂವತ್ತೊಂದಾಯಿತು. 46 ಲಕ್ಷ 57 ಆಯಿತು. ಸಾಲ ಕೊಟ್ಟ ಬ್ಯಾಂಕಿನವರು ಮರುಪಾವತಿ ಶುರುಮಾಡಲು ಹಿಡಿದ ಲೆಕ್ಕ ಮಾತ್ರ ಕಾಗದದ ಮೇಲಿನ ಹದಿನೆಂಟು ತಿಂಗಳು ಮತ್ತು ಅದರ ಮೇಲೊಂದು ವರ್ಷ. ಪರವಾನಗಿ ಕೈಗೆ ಬರುವ ಮೊದಲೇ ಸಾಲದ ಕಂತು ಬಂತು.

ಇಷ್ಟಾದ ಮೇಲೆ ಕೆಲಸ ಎಂದುಕೊಂಡಿದ್ದೆವು. ನೆಂಟರು ಆಗಲೇ ಅವಳನ್ನು ‘ಕ್ಯಾಪ್ಟನ್’ ಎಂದು ಕರೆಯುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರಲ್ಲಿ ನಾನೂ ಒಬ್ಬ. ಸಿಪಿಎಲ್ ಇದ್ದ ಮಾತ್ರಕ್ಕೆ ಏರ್‌ಬಸ್ ಎ320ರ ಕಾಕ್‌ಪಿಟ್‌ನಲ್ಲಿ ಕೂರಲಾಗುವುದಿಲ್ಲ ಎಂದು ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಮಾದರಿಗೆಂದೇ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ತರಬೇತಿ ಮಾಡಬೇಕು. ಅದಕ್ಕೆ ಹದಿನೈದು, ಇಪ್ಪತ್ತು ಲಕ್ಷದ ಮಾತು. ಸ್ವಂತ ಖರ್ಚಿನಲ್ಲಿ ಮಾಡಿಕೊಂಡರೆ ಅದು ಜೂಜೇ ಸರಿ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ ಬೋಯಿಂಗ್ 737ರ ಅನುಭವಿಗಳೇ ಕೆಲಸಕ್ಕೆ ಅಲೆದರು. ಅದೇ ರೇಟಿಂಗ್ ಮಾಡಿಕೊಂಡ ಹೊಸಬರನ್ನು ಕೇಳುವವರು ಯಾರು? 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನ ಕಂಪನಿಯೂ ನಿಂತಿತು, ಅದರ ವಿಮಾನಗಳೆಲ್ಲ ಎ320 ಬಳಗದವು. ಕಂಪನಿಗಳೇ ನಡೆಸುವ ಕೆಡೆಟ್ ತರಬೇತಿಗೆ ಸೇರಿದರೆ ದಾರಿ ಸ್ವಲ್ಪ ಸಲೀಸು, ನಿಜ. ಅಲ್ಲಿ ಖರ್ಚು ಒಂದು ಕೋಟಿ ದಾಟುತ್ತದೆ.

‘ದೇಶದಲ್ಲಿ ಪೈಲಟ್‌ಗಳ ಕೊರತೆ’ ಎಂದು ನಿಮ್ಮ ಲೇಖನವೂ ಬರೆದಿದೆ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದಾಗ ನಾನೂ ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದೆ. ಆದರೆ ಆ ವಿಮಾನಗಳು ಬರುವುದು ವರ್ಷಗಳ ಉದ್ದಕ್ಕೆ, ಕಂತುಕಂತಾಗಿ. ಕೊರತೆ ಇರುವುದೂ ಬಹುಪಾಲು ಕ್ಯಾಪ್ಟನ್‌ಗಳದು. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಪರವಾನಗಿಗೆ 1,500 ಗಂಟೆಗಳ ಅನುಭವ ಬೇಕು. 200 ಗಂಟೆಯ ಮಗು ಉಳಿದ 1,300 ಗಂಟೆಗಳನ್ನು ಎಲ್ಲಿಂದ ತರಬೇಕು? ಕೆಲಸ ಸಿಗುವವರೆಗೆ ಖರ್ಚೂ ನಿಲ್ಲುವುದಿಲ್ಲ. ಹೊರಗೆ ಕಾಣದಾಗ ಉಪಕರಣಗಳನ್ನೇ ನಂಬಿ ಹಾರಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್‌ನ ಅವಧಿ ಒಂದು ವರ್ಷ. ಉಳಿಸಿಕೊಳ್ಳಬೇಕಾದರೆ ಮತ್ತೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಹಾರಿ ಪರೀಕ್ಷೆ ಕೊಡಬೇಕು.

ಹಾಗೆಂದು ಮಕ್ಕಳನ್ನು ಕಳಿಸಬೇಡಿ ಎನ್ನುತ್ತಿಲ್ಲ. ಮಗಳು ಮೊದಲ ಬಾರಿ ಒಬ್ಬಳೇ ಹಾರಿ ಇಳಿದ ದಿನ ಫೋನ್ ಮಾಡಿದ್ದಳು. ಆ ಹತ್ತು ನಿಮಿಷದ ಮಾತಿಗೆ ನಾನು ಬೆಲೆ ಕಟ್ಟಲಾರೆ. ನನ್ನ ತಕರಾರು ಒಂದೇ: ಹಣ ಮೊದಲು, ಗಂಟೆ ಆಮೇಲೆ ಎಂಬ ಪದ್ಧತಿಯದು. ಡಿಜಿಸಿಎಯ ಇ-ಜಿಸಿಎ ಪೋರ್ಟಲ್‌ನಲ್ಲಿ ಲಾಗ್‌ಬುಕ್ ದಾಖಲಾಗುತ್ತದೆ. ಶುಲ್ಕವನ್ನು ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿಟ್ಟು, ದಾಖಲಾದ ಗಂಟೆಗಷ್ಟೇ ಸಂಸ್ಥೆ ಹಣ ಪಡೆಯುವಂತೆ ನಿಯಮ ಮಾಡುವುದು ಅಷ್ಟು ಕಷ್ಟವೇ? ಮನೆ ಕಟ್ಟುವ ಮೇಸ್ತ್ರಿಗೂ ಗೋಡೆ ಎದ್ದಂತೆ ತಾನೇ ನಾವು ಹಣ ಕೊಡುವುದು. ಜೊತೆಗೆ, ಕಳೆದ ವರ್ಷ ಸೇರಿದ ವಿದ್ಯಾರ್ಥಿ 200 ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು ಎಂಬುದನ್ನು ಪ್ರತಿ ಸಂಸ್ಥೆಯೂ ತನ್ನ ಬಾಗಿಲಲ್ಲೇ ಬರೆದು ಹಾಕಲಿ. 2025ರಲ್ಲಿ ಡಿಜಿಸಿಎ ಮೊದಲ ಬಾರಿಗೆ ಈ ಸಂಸ್ಥೆಗಳಿಗೆ ಶ್ರೇಣಿ ಕೊಟ್ಟಾಗ ಎ ಪ್ಲಸ್ ಆಗಲಿ, ಎ ಆಗಲಿ ಒಂದಕ್ಕೂ ಸಿಗಲಿಲ್ಲ. ಅದನ್ನು ಕಂಡಾದರೂ ಎಚ್ಚರಗೊಳ್ಳಬೇಕಿತ್ತು.

ನಮ್ಮ ರಾಜ್ಯದ ಮಾತೂ ಒಂದಿದೆ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಶುರುವಾದದ್ದು. ಅದನ್ನು ವಿಮಾನ, ಬೋಧಕರ ಸಮೇತ ಗಟ್ಟಿಯಾಗಿ ನಡೆಸಿದ್ದರೆ ನಮ್ಮಂಥವರು ಹೊರರಾಜ್ಯದ ಬಾಗಿಲು ತಟ್ಟುವ ಪ್ರಮೇಯ ಬರುತ್ತಿರಲಿಲ್ಲ.

ಮಗಳು ಈಗ ಬೆಂಗಳೂರಿನ ಒಂದು ಕೋಚಿಂಗ್ ಕೇಂದ್ರದಲ್ಲಿ ಸಿಪಿಎಲ್ ಆಕಾಂಕ್ಷಿಗಳಿಗೆ ಹವಾಮಾನ ಪಾಠ ಹೇಳುತ್ತಾಳೆ. ನನ್ನ ಭಾವಮೈದುನನ ಮಗನೂ ಈ ವರ್ಷ ಅರ್ಜಿ ತುಂಬಿ ಕೂತಿದ್ದಾನೆ. ಮುಂಗಡ ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ, ಅದರಲ್ಲೂ ಬಣ್ಣ ಗುರುತಿಸುವ ಪರೀಕ್ಷೆ, ಮುಗಿಸಿಕೋ ಎಂದಿದ್ದಾಳೆ ಅವಳು. ಬರುವ ಸೋಮವಾರ ಹೋಗುತ್ತಿದ್ದಾನೆ.

ಇಂತಿ,
ಸಿಪಿಎಲ್ ವಿದ್ಯಾರ್ಥಿನಿಯೊಬ್ಬಳ ತಂದೆ,
ಶಿವಮೊಗ್ಗ ಜಿಲ್ಲೆ